ಸಣ್ಣ ಮಕ್ಕಳ ಜೋಡಿ ದ್ವೀಪಕ್ಕ ಹೊಂಟೀರೇನು?

ನಮ್ಮ ಕಲಬುರಗಿ ಕಡೆ ನಂದೂರಿನಿಂದ ದ್ವೀಪದ ದೋಣಿ ಬಿಡೋ ಮಲ್ಪೆ ಅಂದ್ರ ರಾಜ್ಯದ ಈ ಮೂಲೆಯಿಂದ ಆ ಮೂಲೆಗೆ. ಅದಕ್ಕ ಮುಟ್ಟಿದ ದಿನಾನೇ ದೋಣಿ ಹತ್ತಬ್ಯಾಡ್ರಿ. ಉಡುಪಿಯಾಗ ಮಕ್ಕಳಿಗೆ ಉಣಿಸಿ ಮಲಗಿಸ್ರಿ.

ಮರುದಿನ ಮುಂಜಾನೆ ಸೇಂಟ್ ಮೇರೀಸ್ ದ್ವೀಪ. ತೆಂಗಿನ ನೆರಳದ, ಖರೆ. ಆದ್ರ ಅಲ್ಲಿ ಉಸುಕಿಗಿಂತ ಕಲ್ಲೇ ಹೆಚ್ಚು. ಲಾವಾ ಆರುವಾಗ ಸೀಳಿ ಆದ ಕಂಬಗಳು, ಸುಮಾರು 8.8 ಕೋಟಿ ವರ್ಷ ಹಳೇವು. ನಮ್ಮ ಕಲಬುರಗಿ ಕಡೆ ಕರಿಗಲ್ಲೂ ಲಾವಾನೇ, ಆದ್ರ ಅದು ಇದಕ್ಕಿಂತ ಎರಡು ಕೋಟಿ ವರ್ಷ ಸಣ್ಣದು! ದೊಡ್ಡ ಹುಡುಗ್ರಿಗೆ ಇದನ್ನ ಹೇಳ್ರಿ, ಕಣ್ಣರಳಿಸಿ ನೋಡ್ತಾರ.

ಬಂಡಿ ಜಾರ್ತಾವ, ಅಲ್ಲಿ ನೀರಿಗಿಳಿಸಬ್ಯಾಡ್ರಿ. ನೀರಾಟ, ಉಸುಕಿನ ಮನಿ ಎಲ್ಲಾ ಸಂಜಿಗೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿನಾಗ.

ಮಳೆಗಾಲದಾಗ ದ್ವೀಪದ ದೋಣಿ ಬಂದ್. ದಸರಾ ಸೂಟಿಯಾಗ ಹೋಗೋದಿದ್ರ, ಬಸ್ಸಿನ ಟಿಕೆಟ್ ತೆಗಿಸೋ ಮೊದಲೇ ಮಲ್ಪೆಗೆ ಫೋನ್ ಹಚ್ಚಿ ಕೇಳ್ರಿ.