ಏರಿಸಿದ ಚಿತ್ರ ಎಲ್ಲಿ ಉಳಿಯುತ್ತದೆ?

ನಿಮ್ಮ ಶಾಲೆಯ ವಿಜ್ಞಾನ ಸಂಘದ ವಿದ್ಯಾರ್ಥಿಗಳು ಒಂದು ಜಾಲತಾಣವನ್ನು ಸಿದ್ಧಪಡಿಸಿದ್ದಾರೆ ಎಂದುಕೊಳ್ಳಿ. ಕೆರೆ, ತೋಟಗಳಲ್ಲಿ ಕಂಡ ಹಕ್ಕಿ, ಚಿಟ್ಟೆಗಳ ಚಿತ್ರಗಳನ್ನು ಯಾರು ಬೇಕಾದರೂ ಅದಕ್ಕೆ ಸೇರಿಸಬಹುದು. ತಂತ್ರಾಂಶ ಓಡುತ್ತಿರುವುದು ಬಾಡಿಗೆಯ ಗಣಕದ ಮೇಲೆ, ಅಂದರೆ ಕ್ಲೌಡ್‌ನಲ್ಲಿ. ಮೊದಲ ದಿನ ನಲವತ್ತು ಚಿತ್ರಗಳು ಬಂದವು. ಮರುದಿನ ನೋಡಿದರೆ ಹಕ್ಕಿಯ ಹೆಸರು, ಕಳಿಸಿದವರ ಹೆಸರು, ದಿನಾಂಕ ಎಲ್ಲವೂ ಇವೆ. ಚಿತ್ರವಿರಬೇಕಾದ ಜಾಗದಲ್ಲಿ ಮಾತ್ರ ಖಾಲಿ ಚೌಕ. ಯಾರೂ ಅಳಿಸಿಲ್ಲ, ಯಾರೂ ಕನ್ನ ಹಾಕಿಲ್ಲ. ಹಾಗಾದರೆ ಚಿತ್ರಗಳು ಹೋದದ್ದೆಲ್ಲಿಗೆ?

ಕ್ಲೌಡ್‌ನ ಗಣಕ ನಮ್ಮ ಮೇಜಿನ ಮೇಲಿನ ಗಣಕದಂತಲ್ಲ. ಹೆರೊಕುವಿನಂಥ ಸೇವೆಗಳಲ್ಲಿ ತಂತ್ರಾಂಶವು ಕಂಟೇನರ್ ಎಂಬ ತಾತ್ಕಾಲಿಕ ಆವರಣದೊಳಗೆ ಓಡುತ್ತದೆ. ಈ ಆವರಣವನ್ನು ದಿನಕ್ಕೊಮ್ಮೆಯಾದರೂ ಮುಚ್ಚಿ ಹೊಸದಾಗಿ ತೆರೆಯಲಾಗುತ್ತದೆ. ತೆರೆದಾಗ ಅದರಲ್ಲಿರುವುದು ನೀವು ಒಪ್ಪಿಸಿದ ತಂತ್ರಾಂಶದ ಪ್ರತಿ ಮಾತ್ರ; ನಡುವೆ ಅದರ ಡಿಸ್ಕ್‌ಗೆ ಬರೆದದ್ದೆಲ್ಲ ಅಳಿದಿರುತ್ತದೆ. ದತ್ತಸಂಚಯವು ಬೇರೆ ಗಣಕದಲ್ಲಿರುವುದರಿಂದ ಹೆಸರುಗಳು ಉಳಿದವು, ಚಿತ್ರಗಳು ಉಳಿಯಲಿಲ್ಲ. ಬಳಕೆದಾರರು ಹೆಚ್ಚಿ ಒಂದೇ ತಂತ್ರಾಂಶದ ಎರಡು ಪ್ರತಿಗಳನ್ನು ಓಡಿಸಿದರಂತೂ ಇನ್ನೂ ವಿಚಿತ್ರ. ಚಿತ್ರ ಒಂದರ ಡಿಸ್ಕ್‌ಗೆ ಸೇರುತ್ತದೆ, ನೋಡುವವರ ಕೋರಿಕೆ ಇನ್ನೊಂದಕ್ಕೆ ಹೋಗುತ್ತದೆ. ಪುಟವನ್ನು ತೆರೆದಂತೆಲ್ಲ ಚಿತ್ರ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ.

ಚಿತ್ರವನ್ನೇ ದತ್ತಸಂಚಯದೊಳಗೆ ಇಟ್ಟರಾಗದೇ ಎಂದು ನೀವು ಕೇಳಬಹುದು. ಇಡಬಹುದು. ಆದರೆ ಅದು ಬೇಗ ಊದಿಕೊಂಡು, ಮೀಸಲು ಪ್ರತಿ ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ವಾಡಿಕೆಯ ಪರಿಹಾರವೆಂದರೆ ಆಬ್ಜೆಕ್ಟ್ ಸ್ಟೋರ್ ಎಂಬ ಪ್ರತ್ಯೇಕ ಉಗ್ರಾಣ. ಅಮೆಜಾನ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ಆರಂಭಿಸಿದ ಎಸ್-3 ಇಂಥ ಸೇವೆ. ಇದರ ವ್ಯವಹಾರ ಬಹಳ ಸರಳ: ಒಂದು ಹೆಸರು ಕೊಟ್ಟು ಕಡತವನ್ನು ಇಡುವುದು, ಅದೇ ಹೆಸರು ಹೇಳಿ ಪಡೆಯುವುದು, ಬೇಡವಾದಾಗ ಅಳಿಸುವುದು. ಕಡತದ ನಡುವಿನ ಒಂದು ಭಾಗವನ್ನು ಮಾತ್ರ ತಿದ್ದಲು ಸಾಮಾನ್ಯವಾಗಿ ಬರುವುದಿಲ್ಲ, ಇಡಿಯಾಗಿ ಬದಲಿಸಬೇಕು. ಇಷ್ಟು ನಿರ್ಬಂಧವನ್ನು ಒಪ್ಪಿದ್ದಕ್ಕೆ ಪ್ರತಿಯಾಗಿ ಸಿಗುವುದು ಬಾಳಿಕೆ. ಒಂದು ಕೋಟಿ ಕಡತಗಳನ್ನಿಟ್ಟರೆ ಸರಾಸರಿ ಹತ್ತು ಸಾವಿರ ವರ್ಷಕ್ಕೊಂದು ಕಳೆದುಹೋಗಬಹುದು ಎಂಬ ಲೆಕ್ಕದಲ್ಲಿ ಎಸ್-3 ಅನ್ನು ವಿನ್ಯಾಸಗೊಳಿಸಲಾಗಿದೆ. (ಯಂತ್ರದ ದೋಷಕ್ಕಷ್ಟೇ ಈ ಲೆಕ್ಕ. ನೀವೇ ಕೈತಪ್ಪಿ ಅಳಿಸಿದರೆ ಅದು ಕಾಯುವುದಿಲ್ಲ!) ನಿಮ್ಮ ದತ್ತಸಂಚಯದಲ್ಲಿ ಉಳಿಯುವುದು ಚಿತ್ರದ ಹೆಸರು ಮಾತ್ರ.

ಇಂಥ ಉಗ್ರಾಣದ ಒಳಗೆ ಏನು ನಡೆಯುತ್ತದೆ? ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ಚಿತ್ರಸಂಗ್ರಹದ ಬಗ್ಗೆ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಒಳ್ಳೆಯ ಉತ್ತರವಿದೆ. ಆಗ ಅವರಲ್ಲಿ 6,500 ಕೋಟಿ ಚಿತ್ರಗಳಿದ್ದವು. ಪ್ರತಿಯೊಂದನ್ನೂ ನಾಲ್ಕು ಅಳತೆಗಳಲ್ಲಿ ಇಡುತ್ತಿದ್ದುದರಿಂದ ಒಟ್ಟು 26,000 ಕೋಟಿ. ಬಳಕೆ ಹೆಚ್ಚಿದ ಹೊತ್ತಿನಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಒದಗಿಸಬೇಕಿತ್ತು.

ಮೊದಲು ಅವರು ಪ್ರತಿ ಚಿತ್ರವನ್ನೂ ಒಂದು ಕಡತವಾಗಿ ಇಡುತ್ತಿದ್ದರು. ಕಡತವೊಂದನ್ನು ತೆರೆಯುವ ಮುನ್ನ ಗಣಕವು ಅದರ ಮಾಹಿತಿಯನ್ನು, ಅಂದರೆ ಡಿಸ್ಕ್‌ನ ಯಾವ ಜಾಗದಲ್ಲಿದೆ, ಒಡೆಯ ಯಾರು, ಓದಲು ಯಾರಿಗೆ ಅನುಮತಿ ಎಂಬುದನ್ನೆಲ್ಲ, ಓದಬೇಕಾಗುತ್ತದೆ. ಈ ಮಾಹಿತಿಯೂ ಡಿಸ್ಕ್‌ನಲ್ಲೇ ಇರುತ್ತದೆ. ಒಂದು ಕೋಶದಲ್ಲಿ ಸಾವಿರಾರು ಕಡತಗಳಿದ್ದಾಗ ಒಂದು ಚಿತ್ರ ಪಡೆಯಲು ಹತ್ತಕ್ಕೂ ಹೆಚ್ಚು ಸಲ ಡಿಸ್ಕ್ ಮುಟ್ಟಬೇಕಾಗುತ್ತಿತ್ತು. ಕೋಶಗಳನ್ನು ಚಿಕ್ಕದು ಮಾಡಿದ ಮೇಲೆ ಮೂರು ಸಲ. ಕಾಂತೀಯ ಡಿಸ್ಕ್‌ನಲ್ಲಿ ಓದುವ ಮೊನೆ ಭೌತಿಕವಾಗಿಯೇ ಅತ್ತಿತ್ತ ಚಲಿಸಬೇಕು. ಪ್ರತಿ ಚಲನೆಗೂ ಕೆಲವು ಮಿಲಿಸೆಕೆಂಡುಗಳು ಬೇಕು. ಹೆಚ್ಚು ಜನ ನೋಡುವ ಚಿತ್ರಗಳನ್ನು ಸ್ಮೃತಿಯಲ್ಲಿ ಇಟ್ಟುಕೊಳ್ಳಬಹುದು, ನಿಜ. ಆದರೆ ಯಾರೋ ಎಂದೋ ಏರಿಸಿದ ಹಳೆಯ ಚಿತ್ರಗಳನ್ನು ನೋಡುವವರ ಒಟ್ಟು ಸಂಖ್ಯೆಯೂ ದೊಡ್ಡದೇ. ಅವರಿಗೆಲ್ಲ ಡಿಸ್ಕೇ ಗತಿ.

ಅವರು ಕಂಡುಕೊಂಡ ದಾರಿ ಸೊಗಸಾಗಿದೆ. ಸುಮಾರು 100 ಗಿಗಾಬೈಟ್‌ನ ಒಂದೇ ಕಡತ ಮಾಡಿ, ಬಂದ ಚಿತ್ರಗಳನ್ನು ಒಂದರ ಹಿಂದೊಂದು ಅದರ ಕೊನೆಗೆ ಸೇರಿಸುತ್ತ ಹೋದರು. ಯಾವ ಚಿತ್ರ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದ ಎಂಬ ಪಟ್ಟಿಯನ್ನು ಸ್ಮೃತಿಯಲ್ಲೇ ಇಟ್ಟರು. ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಒಂದು ಕಡತದ ಮಾಹಿತಿಗೆ ಸ್ಮೃತಿಯಲ್ಲಿ 536 ಬೈಟ್ ಬೇಕು. ಇಲ್ಲಿ ಚಿತ್ರವೊಂದಕ್ಕೆ ಸರಾಸರಿ 10 ಬೈಟ್ ಸಾಕಾಯಿತು. ಒಡೆಯ, ಅನುಮತಿ ಮುಂತಾದವು ಚಿತ್ರಸಂಗ್ರಹಕ್ಕೆ ಬೇಕಾಗಿಯೇ ಇರಲಿಲ್ಲ. ಚಿತ್ರ ಓದಲು ಈಗ ಒಂದೇ ಸಲ ಡಿಸ್ಕ್ ಮುಟ್ಟಿದರಾಯಿತು. ಈ ವ್ಯವಸ್ಥೆಯ ಹೆಸರು ಹೇಸ್ಟ್ಯಾಕ್, ಅಂದರೆ ಹುಲ್ಲಿನ ಬಣವೆ; ಅದರೊಳಗಿನ ಒಂದೊಂದು ಚಿತ್ರವೂ ಒಂದು ಸೂಜಿ.

ನಿಮ್ಮ ತಾಣಕ್ಕೆ ಮರಳೋಣ. ಚಿತ್ರಗಳು ನಿಮ್ಮ ತಂತ್ರಾಂಶದ ಮೂಲಕವೇ ಉಗ್ರಾಣಕ್ಕೆ ಹಾದುಹೋಗಬೇಕಿಲ್ಲ. ತಂತ್ರಾಂಶವು ಗುಪ್ತ ಕೀಲಿ ಬಳಸಿ, ಗಡುವುಳ್ಳ ಒಂದು ಸಹಿಯುಕ್ತ ವಿಳಾಸವನ್ನು ತಯಾರಿಸಿ ಕೊಟ್ಟರೆ ಸಾಕು. ಬಳಕೆದಾರರ ಮೊಬೈಲು ನೇರವಾಗಿ ಉಗ್ರಾಣಕ್ಕೇ ಕಳಿಸುತ್ತದೆ. ವಿಳಾಸದ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ.

ಆದರೆ ಬಂದದ್ದನ್ನು ಪರೀಕ್ಷಿಸದೆ ತೋರಿಸಬಾರದು. ಹೆಸರಿನ ಕೊನೆಗೆ ಜೆಪಿಜಿ ಎಂದಿದ್ದ ಮಾತ್ರಕ್ಕೆ ಅದು ಚಿತ್ರವೆಂದು ನಂಬುವಂತಿಲ್ಲ. ನಿಜವಾದ ಜೆಪಿಇಜಿ ಕಡತ ಷೋಡಶಮಾನದ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತದೆ. ಇನ್ನೂ ಮುಖ್ಯವಾದದ್ದು, ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ ಅಕ್ಷಾಂಶ, ರೇಖಾಂಶಗಳು ಅಡಗಿರಬಹುದು. ಮನೆಯ ಹಿತ್ತಲಿನಲ್ಲಿ ಹುಡುಗಿಯೊಬ್ಬಳು ತೆಗೆದ ಪಿಕಳಾರದ ಚಿತ್ರ ಅವಳ ಮನೆಯ ವಿಳಾಸವನ್ನೇ ಹೇಳಬಲ್ಲುದು. ಆದ್ದರಿಂದ ಮೂಲಚಿತ್ರವನ್ನು ಹಾಗೆಯೇ ಪ್ರಕಟಿಸದೆ, ಆ ಟಿಪ್ಪಣಿಯನ್ನು ಕಿತ್ತುಹಾಕಿ, ಚಿಕ್ಕ ಅಳತೆಯ ಹೊಸ ಪ್ರತಿಯನ್ನು ತೋರಿಸಿ.

ಇನ್ನು ಅಳಿಸುವ ವಿಷಯ. ಅಳಿಸಿದ ತಕ್ಷಣ ಹೇಸ್ಟ್ಯಾಕ್‌ನಲ್ಲಿ ಚಿತ್ರದ ಮೇಲೆ ಒಂದು ಗುರುತು ಬೀಳುತ್ತದೆ, ಅಷ್ಟೆ. ಉಳಿದ ಚಿತ್ರಗಳನ್ನು ಹೊಸ ಕಡತಕ್ಕೆ ನಕಲು ಮಾಡಿ ಹಳೆಯದನ್ನು ತೆಗೆದಾಗಲೇ ಆ ಜಾಗ ಖಾಲಿಯಾಗುವುದು. ಒಂದು ವರ್ಷದ ಅವಧಿಯಲ್ಲಿ ಸುಮಾರು ಶೇ. 25ರಷ್ಟು ಚಿತ್ರಗಳನ್ನು ಜನ ಅಳಿಸುತ್ತಿದ್ದರೆಂದು ಅದೇ ಪ್ರಬಂಧ ಹೇಳುತ್ತದೆ. ಚಿತ್ರಗಳನ್ನು ಬೇಗ ಒದಗಿಸಲೆಂದು ಊರೂರುಗಳಲ್ಲಿ ಪ್ರತಿ ಇಟ್ಟುಕೊಳ್ಳುವ ಸಿಡಿಎನ್ ಜಾಲ ಇದ್ದರಂತೂ, ನೀವು ಕೊಟ್ಟ ಗಡುವು ಮುಗಿಯುವ ತನಕ ಅಲ್ಲಿನ ಪ್ರತಿ ಕಾಣುತ್ತಲೇ ಇರಬಹುದು. ವಿದ್ಯಾರ್ಥಿಯ ತಂದೆ ತಾಯಿ ತಮ್ಮ ಮಗುವಿನ ಚಿತ್ರ ತೆಗೆಯಿರೆಂದು ಕೇಳಿದರೆ ಮೊದಲು ಉಗ್ರಾಣದಿಂದ ಅಳಿಸಿ, ಆಮೇಲೆ ಸಿಡಿಎನ್‌ಗೆ ಅದನ್ನು ಮರೆಯಲು ಸೂಚನೆ ಕೊಡಿ. ಕ್ರಮ ತಿರುಗಿದರೆ ಅದು ಉಗ್ರಾಣದಿಂದ ಮತ್ತೊಂದು ಪ್ರತಿ ತಂದುಕೊಂಡೀತು. ದತ್ತಸಂಚಯದಲ್ಲಿರುವ ಹೆಸರನ್ನು ಕಟ್ಟಕಡೆಗೆ ಅಳಿಸಿ. ಹೆಸರು ಮೊದಲೇ ಹೋಯಿತೆಂದರೆ ಉಗ್ರಾಣದಲ್ಲಿ ಉಳಿದ ಚಿತ್ರವನ್ನು ಗುರುತಿಸುವುದು ಕಷ್ಟ.