ಕನ್ನಡದ ಒತ್ತಕ್ಷರಗಳ ಹಿಂದಿನ ಹಾರ್ಫ್‌ಬಜ್: ಒಂದು ಲೈಬ್ರರಿಯ ನಿರ್ಮಾಣ ಮತ್ತು ಸ್ಥಾಪನೆ

ಗಣಕಯಂತ್ರದ ಕಡತದಲ್ಲಿ ಕನ್ನಡ ಪಠ್ಯವು ಯೂನಿಕೋಡ್ ಸಂಕೇತಗಳ ಸಾಲಾಗಿ ಉಳಿದಿರುತ್ತದೆಯೇ ಹೊರತು, ಪರದೆಯ ಮೇಲೆ ಕಾಣುವ ಅಕ್ಷರರೂಪಗಳಾಗಿ ಅಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಅಲ್ಲಿ 6 ಸಂಕೇತಗಳಿದ್ದು, ಅವುಗಳಿಂದ ‘ಸೀ’ ರೂಪವನ್ನು ಆರಿಸಿ ತಕಾರ, ರಕಾರಗಳ ಒತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕಾಗುತ್ತದೆ; ‘ಧರ್ಮ’ದಲ್ಲಾದರೆ ಮಕಾರಕ್ಕಿಂತ ಮೊದಲೇ ಬರುವ ರಕಾರವು ಅರ್ಕಾವತ್ತಾಗಿ ಅದರ ಬಲಕ್ಕೆ ಸರಿಯಬೇಕಾಗುತ್ತದೆ. ಶೇಪಿಂಗ್ ಎಂದು ಕರೆಯಲಾಗುವ ಈ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಫ್ರೀಟೈಪ್ ಯೋಜನೆಯಲ್ಲಿದ್ದ ಓಪನ್‌ಟೈಪ್ ಸಂಬಂಧಿ ಸಂಕೇತದಿಂದ ಹುಟ್ಟಿದ ಇದನ್ನು ಇಂದಿನ ರೂಪಕ್ಕೆ ತಂದವರಲ್ಲಿ ಬೆಹದಾದ್ ಎಸ್ಫಹ್‌ಬೋದ್ ಪ್ರಮುಖರು.

ಹಾರ್ಫ್‌ಬಜ್ ತಾನಾಗಿ ತೆರೆದು ಬಳಸುವ ತಂತ್ರಾಂಶವಲ್ಲ. ಇತರ ತಂತ್ರಾಂಶಗಳು ತಮ್ಮ ಕೆಲಸದ ಒಂದು ಭಾಗವನ್ನು ಒಪ್ಪಿಸುವ ಸಿದ್ಧ ಸಂಕೇತಗಳ ಸಂಗ್ರಹ, ಅಂದರೆ ಲೈಬ್ರರಿ. ಒಂದೇ ಮೂಲದಿಂದ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರಕ್ಕೂ ಇದನ್ನು ನಿರ್ಮಿಸಬಹುದಾಗಿದೆ ಎಂಬುದು ಕನ್ನಡದಂತಹ ಲಿಪಿಗೆ ಬಹಳ ದೊಡ್ಡ ಸಂಗತಿ. 2017ರಲ್ಲಿ ಬಂದ 5.3ನೇ ಆವೃತ್ತಿಯವರೆಗೆ ಲಿಬ್ರೆಆಫೀಸ್ ಪಠ್ಯ ಜೋಡಣೆಗೆ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ವ್ಯವಸ್ಥೆಯನ್ನೂ ಮ್ಯಾಕ್‌ನಲ್ಲಿ ಆಪಲ್‌ನ ವ್ಯವಸ್ಥೆಯನ್ನೂ ನೆಚ್ಚಿಕೊಂಡಿದ್ದುದರಿಂದ, ಒಂದೇ ಕಡತದ ಪಠ್ಯವು ಬೇರೆ ಬೇರೆ ಯಂತ್ರಗಳಲ್ಲಿ ಬೇರೆಯಾಗಿ ಕಾಣುವ ಸಾಧ್ಯತೆಯಿತ್ತು. ಆ ಆವೃತ್ತಿಯಿಂದ ಎಲ್ಲ ಕಡೆಯೂ ಹಾರ್ಫ್‌ಬಜ್ ಬಳಕೆಗೆ ಬಂದು ಆ ಭೇದದ ಮುಖ್ಯ ಕಾರಣವೇ ಇಲ್ಲವಾಯಿತು.

ಮೂಲ ಒಂದೇ ಆದರೂ ನಿರ್ಮಾಣ ಮಾತ್ರ ಪ್ರತಿ ವ್ಯವಸ್ಥೆಗೂ ಪ್ರತ್ಯೇಕವಾಗಿಯೇ ನಡೆಯಬೇಕು. ಸಿ++ ಭಾಷೆಯಲ್ಲಿರುವ ಮೂಲಸಂಕೇತವನ್ನು ಆಯಾ ಸಂಸ್ಕಾರಕಕ್ಕೆ ತಿಳಿಯುವ ಯಂತ್ರಸಂಕೇತವನ್ನಾಗಿ ಬದಲಿಸುವುದು ಕಂಪೈಲರ್‌ನ ಕೆಲಸವಾದರೆ, ಯಾವ ಕಂಪೈಲರ್ ಲಭ್ಯವಿದೆ, ನೆರವಿನ ಲೈಬ್ರರಿಗಳು ಎಲ್ಲಿವೆ, ಯಾವ ಐಚ್ಛಿಕ ಭಾಗಗಳನ್ನು ಸೇರಿಸಬೇಕು ಎಂಬುದನ್ನು ಮೊದಲೇ ಪರಿಶೀಲಿಸಿ ಯೋಜನೆ ಹಾಕುವುದು ಮೆಸನ್ ಎಂಬ ಸಾಧನ. ಆ ಯೋಜನೆಯಂತೆ ಕಂಪೈಲರ್‌ಗೆ ಕೆಲಸ ಹಚ್ಚುವುದು ನಿಂಜಾ. ಹಾರ್ಫ್‌ಬಜ್‌ನ ತಿರುಳಿಗೆ ಹೊರಗಿನ ಯಾವ ಲೈಬ್ರರಿಯೂ ಅನಿವಾರ್ಯವಲ್ಲ; ಇಡೀ ತಿರುಳನ್ನು ಒಂದೇ ಸಿ++ ಕಡತದ ಮೂಲಕ ಕಂಪೈಲ್ ಮಾಡಲು ಅವಕಾಶವಿರುವುದು ಇದರ ಕರ್ತೃಗಳ ದೂರದೃಷ್ಟಿಯನ್ನು ತೋರಿಸುತ್ತದೆ.

ತೊಡಕು ಬರುವುದು ಐಚ್ಛಿಕ ಭಾಗಗಳಲ್ಲಿ. ಫಾಂಟ್ ಕಡತವನ್ನು ಓದಿ ಅಕ್ಷರದ ಚಿತ್ರವನ್ನು ಮೂಡಿಸುವ ಫ್ರೀಟೈಪ್ ಲೈಬ್ರರಿಯ ಜೊತೆ ಹಾರ್ಫ್‌ಬಜ್ ಕೂಡಿಕೊಳ್ಳಬೇಕಾದರೆ ಫ್ರೀಟೈಪ್ ಮೊದಲೇ ಸಿದ್ಧವಾಗಿರಬೇಕು. ಅತ್ತ ಫ್ರೀಟೈಪ್ ಕೂಡ ಅಕ್ಷರದ ಅಂಚುಗಳನ್ನು ಪರದೆಗೆ ಹೊಂದಿಸುವಾಗ ಹಾರ್ಫ್‌ಬಜ್‌ನ ನೆರವು ಪಡೆಯಬಲ್ಲದು. ಹೀಗೆ ಪರಸ್ಪರ ಅವಲಂಬಿಸಿದ ಎರಡನ್ನೂ ಮೂಲದಿಂದ ನಿರ್ಮಿಸುವವರು ಬಹುಕಾಲದಿಂದ ಅನುಸರಿಸುತ್ತ ಬಂದ ಕ್ರಮವೆಂದರೆ, ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್ ಅನ್ನು, ಅದನ್ನು ಆಧರಿಸಿ ಹಾರ್ಫ್‌ಬಜ್ ಅನ್ನು, ಬಳಿಕ ಹಾರ್ಫ್‌ಬಜ್ ಸಹಿತವಾದ ಫ್ರೀಟೈಪ್ ಅನ್ನು ಮತ್ತೊಮ್ಮೆ ನಿರ್ಮಿಸುವುದು.

ನಿರ್ಮಾಣ ಮುಗಿದೊಡನೆ ಸ್ಥಾಪನೆಗೆ ಧಾವಿಸುವುದು ಸರಿಯಲ್ಲ. ಮೂಲದ ಜೊತೆಗೇ ಬರುವ ಪರೀಕ್ಷೆಗಳನ್ನು ಮೆಸನ್ ಮೂಲಕ ನಡೆಸುವುದು ಅಗತ್ಯ. ಈ ಪರೀಕ್ಷೆಗಳ ಹಿಂದೆ ಅಪಾರ ಶ್ರಮವಿದೆ. ಭಾರತೀಯ ಲಿಪಿಗಳ ಭಾಗವನ್ನು ತಿದ್ದುತ್ತಿದ್ದ ಕಾಲದಲ್ಲಿ 9 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳನ್ನು ಹಾರ್ಫ್‌ಬಜ್ ಮತ್ತು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಎರಡರಿಂದಲೂ ಜೋಡಿಸಿ ಫಲಿತಾಂಶವನ್ನು ಹೋಲಿಸಲಾಗಿತ್ತು. ಲೈಬ್ರರಿಯೊಂದಿಗೆ ಸಿಗುವ ಎಚ್‌ಬಿ-ಶೇಪ್ ಎಂಬ ಉಪಕರಣಕ್ಕೆ ಫಾಂಟ್ ಮತ್ತು ಪದವನ್ನು ಕೊಟ್ಟರೆ, ಆಯ್ದ ಅಕ್ಷರರೂಪಗಳೂ ಅವುಗಳ ಸ್ಥಾನಗಳೂ ಸಾಲಾಗಿ ಬರುವುದರಿಂದ, ಅರ್ಕಾವತ್ತು ತಪ್ಪಿದ್ದರೆ ತಪ್ಪು ಫಾಂಟಿನದೋ ಲೈಬ್ರರಿಯದೋ ಎಂದು ಶೋಧಿಸಲು ದಾರಿಯಾಗುತ್ತದೆ.

ಸ್ಥಾಪನೆ ಎಂದರೆ ಕಡತಗಳನ್ನು ನಕಲಿಸುವುದಷ್ಟೇ ಅಲ್ಲ, ಅವು ಎಲ್ಲಿವೆ ಎಂಬುದು ಇತರ ತಂತ್ರಾಂಶಗಳಿಗೆ ತಿಳಿಯುವಂತೆ ಮಾಡುವುದೂ ಹೌದು. ಲಿನಕ್ಸ್‌ನಲ್ಲಿ ಲೈಬ್ರರಿಯು ಎಸ್‌ಒ ಕಡತವಾಗಿ ಸಾಮಾನ್ಯವಾಗಿ ಯುಎಸ್‌ಆರ್-ಲೋಕಲ್ ಕೋಶದೊಳಗೆ ಸೇರುತ್ತದೆ. ಆಮೇಲೆ ಎಲ್‌ಡಿಕಾನ್ಫಿಗ್ ಆಜ್ಞೆಯಿಂದ ವ್ಯವಸ್ಥೆಯ ಲೈಬ್ರರಿ ಪಟ್ಟಿಯನ್ನು ನವೀಕರಿಸಬೇಕು. ವಿಂಡೋಸ್‌ನಲ್ಲಿ ಡಿಎಲ್‌ಎಲ್ ಕಡತವನ್ನು ಬಳಸುವ ತಂತ್ರಾಂಶದ ಪಕ್ಕದಲ್ಲೇ ಇಡುವುದು ರೂಢಿ, ಅಲ್ಲದೆ 64 ಬಿಟ್‌ನ ತಂತ್ರಾಂಶಕ್ಕೆ 32 ಬಿಟ್‌ನ ಲೈಬ್ರರಿ ಒದಗುವುದಿಲ್ಲ. ಮ್ಯಾಕ್‌ನಲ್ಲಿ ಇಂಟೆಲ್ ಮತ್ತು ಆಪಲ್ ಸಂಸ್ಕಾರಕಗಳ ವ್ಯತ್ಯಾಸವನ್ನೂ ಗಮನಿಸಬೇಕು. ಸಾಮಾನ್ಯ ಬಳಕೆದಾರರಿಗೆ ಈ ಶ್ರಮದ ಅಗತ್ಯವಿಲ್ಲ, ಏಕೆಂದರೆ ಲಿನಕ್ಸ್ ವಿತರಣೆಗಳ ಪ್ಯಾಕೇಜುಗಳು, ಮ್ಯಾಕ್‌ನ ಹೋಮ್‌ಬ್ರೂ ಮತ್ತು ವಿಂಡೋಸ್‌ನ ವಿಸಿಪಿಕೆಜಿ ಇದನ್ನು ನೋಡಿಕೊಳ್ಳುತ್ತವೆ. ಆದರೆ ಸ್ವತಃ ನಿರ್ಮಿಸಿದ ಹೊಸ ಆವೃತ್ತಿಯೂ ವಿತರಣೆಯ ಹಳೆಯ ಆವೃತ್ತಿಯೂ ಒಂದೇ ಯಂತ್ರದಲ್ಲಿದ್ದಾಗ ತಂತ್ರಾಂಶವು ಸದ್ದಿಲ್ಲದೆ ಹಳೆಯದನ್ನೇ ತೆರೆಯಬಹುದು. ಲಿನಕ್ಸ್‌ನಲ್ಲಿ ಎಲ್‌ಡಿಡಿ ಆಜ್ಞೆಯಿಂದ ಯಾವ ಕಡತ ಬಳಕೆಯಾಗುತ್ತಿದೆ ಎಂಬುದನ್ನು ನೋಡಿಕೊಂಡ ಮೇಲೆಯೇ ಒತ್ತಕ್ಷರದ ದೋಷ ಪರಿಹಾರವಾಯಿತೇ ಎಂದು ನಿರ್ಣಯಿಸಬೇಕು.