ನೆರೆಯನ್ನು ಕಾಯುವ ತಕ್ಕಡಿ

ಕಾಳಿ ನದಿಯು ಕಾರವಾರದ ಕೋಡಿಬಾಗದ ಬಳಿಯಲ್ಲಿಯೂ ಗಂಗಾವಳಿಯು ಅಂಕೋಲೆ ತಾಲ್ಲೂಕಿನ ಮಂಜಗುಣಿಯ ಬಳಿಯಲ್ಲಿಯೂ ಕಡಲನ್ನು ಸೇರುತ್ತವೆ. ೨೦೧೯ರ ಆಗಸ್ಟಿನಲ್ಲಿ ಇವೆರಡೂ ಉಕ್ಕಿ ದಡದ ಊರುಗಳೊಳಕ್ಕೆ ನುಗ್ಗಿದುವು. ಇಂತಹ ದಡದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು, ನೀರು ಗೊತ್ತಾದ ಗೆರೆಯನ್ನು ದಾಟಿದೊಡನೆ ಗಂಟೆ ಬಾರಿಸುವ ಸಾಧನವೊಂದನ್ನು ನಾವು ಕಟ್ಟಬಹುದೆ?

ಕಟ್ಟಬಹುದು. ಎಟಿಮೆಗಾ ೩೨೮ಪಿ ಎಂಬ ಅಗ್ಗದ ಮೈಕ್ರೋಕಂಟ್ರೋಲರಿನಲ್ಲಿಯೇ ಅದಕ್ಕೆ ಬೇಕಾದ ಅಂಗವೊಂದುಂಟು. ಅದೇ ಅನಲಾಗ್ ಕಂಪ್ಯಾರೇಟರ್. ನಾವು ಇದನ್ನು ತುಲನಕಾರಿ ಎನ್ನೋಣ. ಇದು ಅಂಗಡಿಯ ತಕ್ಕಡಿಯಂತೆ. ಎರಡು ವಿದ್ಯುದೊತ್ತಡಗಳಲ್ಲಿ ಯಾವುದು ಹೆಚ್ಚೆಂಬುದನ್ನು ಮಾತ್ರ ಹೇಳುತ್ತದೆ. ಎಷ್ಟು ಹೆಚ್ಚೆಂದು ಹೇಳದು.

ನೀರಿನಲ್ಲಿ ತೇಲುವ ಬುರುಡೆಯೊಂದು ಪೊಟೆನ್ಷಿಯೋಮೀಟರನ್ನು ತಿರುಗಿಸಲಿ. ನೀರು ಏರಿದಂತೆ ಅದರ ಒತ್ತಡವೂ ಏರಿ, ಅಪಾಯದ ಗೆರೆಯಲ್ಲಿ ೧.೧ ವೋಲ್ಟ್ ಆಗುವಂತೆ ಹೊಂದಿಸೋಣ. ಇದನ್ನು ತುಲನಕಾರಿಯ ಋಣ ತುದಿಗೆ ಸೇರಿಸಬೇಕು. ಎಸಿಎಸ್‌ಆರ್ ಎಂಬ ರಿಜಿಸ್ಟರಿನಲ್ಲಿ ಎಸಿಬಿಜಿ ಎಂಬ ಬಿಟ್ಟನ್ನು ೧ ಮಾಡಿದರೆ, ಧನ ತುದಿಗೆ ಚಿಪ್ಪಿನೊಳಗಣ ಸುಮಾರು ೧.೧ ವೋಲ್ಟಿನ ಸ್ಥಿರ ಒತ್ತಡವೇ ದೊರೆಯುತ್ತದೆ. ಈ ಒತ್ತಡವು ಚಿಪ್ಪಿನಿಂದ ಚಿಪ್ಪಿಗೆ ೧.೦ರಿಂದ ೧.೨ರವರೆಗೆ ವ್ಯತ್ಯಾಸವಾಗಬಹುದಾದುದರಿಂದ, ಗೆರೆಯನ್ನು ಸ್ಥಳದಲ್ಲಿಯೇ ಪರೀಕ್ಷಿಸಿ ಗುರುತಿಸತಕ್ಕದ್ದು.

ಇಲ್ಲಿ ಹೊಸಬರು ಎಡವುವುದುಂಟು. ಧನ ತುದಿ ಹೆಚ್ಚಾಗಿರುವಾಗ ಉತ್ತರ ೧. ಆದುದರಿಂದ ನೀರು ಗೆರೆಯನ್ನು ದಾಟಿ ಏರಿದಾಗ ಉತ್ತರವು ೧ರಿಂದ ೦ಗೆ ಇಳಿಯುತ್ತದೆ. ನೀರು ಏರುವುದೆಂದು ‘ಏರುವ ಅಂಚ’ನ್ನು ಆರಿಸಿದರೆ, ನೆರೆ ಇಳಿದ ಮೇಲೆ ಗಂಟೆ ಬಾರಿಸೀತು! ನಾವು ಆರಿಸಬೇಕಾದುದು ಇಳಿಯುವ ಅಂಚನ್ನು.

ಕ್ರಮವೂ ಮುಖ್ಯ. ಮೊದಲು ಎಸಿಐಇ ಬಿಟ್ಟನ್ನು ೦ ಮಾಡಿ ಇಂಟರಪ್ಟನ್ನು ತಡೆಯಬೇಕು. ಬಳಿಕ ಅಂಚನ್ನೂ ಸ್ಥಿರ ಒತ್ತಡವನ್ನೂ ಆರಿಸಿ, ಆ ಒತ್ತಡ ನೆಲೆಗೊಳ್ಳಲು ಒಂದು ಮಿಲಿಸೆಕೆಂಡು ಕಾಯಬೇಕು. ಅಷ್ಟರಲ್ಲಿ ಎಸಿಐ ಎಂಬ ಸೂಚಕವು ಸುಮ್ಮನೆ ಎದ್ದಿರಬಹುದು; ಅದಕ್ಕೆ ೧ನ್ನು ಬರೆದರೆ ಅದು ಅಳಿಯುತ್ತದೆ. ಆಮೇಲೆಯೇ ಇಂಟರಪ್ಟಿಗೆ ಅನುಮತಿ. ಇಲ್ಲವಾದರೆ ಸಾಧನವು ಹುಟ್ಟುತ್ತಲೇ ಕೂಗುತ್ತದೆ.

ಆದರೆ ನದಿಯ ನೀರು ನಿಶ್ಚಲವಲ್ಲ. ದೋಣಿ ಹೋದರೂ ಗಾಳಿ ಬೀಸಿದರೂ ಅಲೆಯೇಳುತ್ತದೆ. ಗೆರೆಯ ಬಳಿ ಗಂಟೆಯು ನೂರು ಬಾರಿ ಬಾರಿಸಿ ನಿಲ್ಲುತ್ತದೆ. ಹೀಗೆ ಕೂಗುವ ಗಂಟೆಯನ್ನು ನಾಲ್ಕು ರಾತ್ರಿ ಕೇಳಿದವರು ಐದನೆಯ ರಾತ್ರಿ ಏಳುವರೆ? ಆದುದರಿಂದ ಏರಲು ಒಂದು ಗೆರೆ, ಇಳಿಯಲು ಅದಕ್ಕಿಂತ ಕೆಳಗಿನ ಇನ್ನೊಂದು ಗೆರೆ ಬೇಕು. ಚಿಪ್ಪಿನ ಇನ್ನೊಂದು ಪಿನ್ನಿನಿಂದ ದೊಡ್ಡ ರೋಧಕವೊಂದನ್ನು ಋಣ ತುದಿಗೆ ಜೋಡಿಸಿ, ಮೊದಲು ಆ ಪಿನ್ನನ್ನು ೦ದಲ್ಲಿಡೋಣ. ಗಂಟೆ ಬಾರಿಸಿದೊಡನೆ ಅದನ್ನು ೧ಕ್ಕೆ ಏರಿಸಿದರೆ ತುದಿಯ ಒತ್ತಡ ತುಸು ಹೆಚ್ಚುತ್ತದೆ. ನೀರು ಚೆನ್ನಾಗಿ ಇಳಿದ ಹೊರತು ಉತ್ತರ ಬದಲಾಗದು.

ಕೊನೆಯದಾಗಿ, ಅಳಿವೆಯ ನೀರು ದಿನಕ್ಕೆರಡು ಬಾರಿ ಭರತಿಯಿಂದಲೂ ಏರುತ್ತದೆ. ಗೆರೆಯು ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಭರತಿಗಿಂತ ಮೇಲಿರಲಿ; ಮಳೆಗಾಲಕ್ಕೆ ಮೊದಲೇ ಬುರುಡೆಯನ್ನು ಕೈಯಿಂದ ಎತ್ತಿ ನೋಡೋಣ.